ಮೌಂಟ್ ರೋಡಿನ ಮುನ್ರೋ ನವಲಗುಂದಕ್ಕೆ ಬಂದಿದ್ದ

ಚೆನ್ನೈಯಲ್ಲಿರುವ ನಮಗೆಲ್ಲ ಐಲ್ಯಾಂಡ್ ಮೈದಾನದ ಹತ್ತಿರದ ಆ ಕಂಚಿನ ಕುದುರೆ ಸವಾರ ಗೊತ್ತು. ಲಂಡನ್ನಿನ ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ ಮಾಡಿದ ಪ್ರತಿಮೆ, 1839ರಲ್ಲಿ ಇಲ್ಲಿ ನಿಂತಿತು. ಸವಾರನ ಕಾಲಿಗೆ ರಿಕಾಪು ಇಲ್ಲವೆಂದು ಊರವರು ತೋರಿಸುತ್ತಾರೆ. ಕನ್ನಡಿಗರಾದರೆ ಮಂತ್ರಾಲಯದ ರಾಯರು ಬೃಂದಾವನದಿಂದಲೇ ಅವನೊಡನೆ ಮಾತಾಡಿದ ಕತೆ ಹೇಳುತ್ತೇವೆ. ಸರ್ ಥಾಮಸ್ ಮುನ್ರೋ ನವಲಗುಂದಕ್ಕೂ ಬಂದಿದ್ದನೆಂಬುದು ಧಾರವಾಡದ ಕಡೆಯವರ ಬಾಯಲ್ಲೂ ಬರುವುದು ಅಪರೂಪ.

1761ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದವ, 1780ರಲ್ಲಿ ಕಂಪನಿಯ ಕೆಡೆಟ್ ಆಗಿ ಮದ್ರಾಸಿಗೆ ಬಂದ. ಹೈದರನ ವಿರುದ್ಧ ಕಾದಾಡಿದ. ಬಾರಾಮಹಲು, ಕೆನರಾ, ಬಳ್ಳಾರಿ ಸೀಮೆಗಳಲ್ಲಿ ಕಂದಾಯ ಕಟ್ಟಿಸಿದ. ಜಮೀನ್ದಾರನನ್ನು ನಡುವೆ ಬಿಡದೆ ರೈತನೊಡನೆ ನೇರ ಲೆಕ್ಕ ಇಡುವ ರೈತವಾರಿ ಪದ್ಧತಿಗೆ ಅವನ ಹೆಸರೇ ಅಂಟಿಕೊಂಡಿದೆ.

1817ರ ಜೂನ್‌ನಲ್ಲಿ ಪೇಶ್ವೆ ಬಾಜಿರಾಯ ಧಾರವಾಡವನ್ನು ಕಂಪನಿಗೆ ಬಿಟ್ಟುಕೊಟ್ಟ. ವಶಕ್ಕೆ ತೆಗೆದುಕೊಳ್ಳಲು ಮುನ್ರೋ ಬಂದ. ನವೆಂಬರಿನಲ್ಲಿ ಪುಣೆಯಲ್ಲಿ ಪೇಶ್ವೆಗೂ ಕಂಪನಿಗೂ ಯುದ್ಧ ಹೊತ್ತಿತು. ಇವನ ಕೈಯಲ್ಲಿದ್ದದ್ದು ಬೆರಳೆಣಿಕೆಯ ಸಿಪಾಯಿ ಕಂಪನಿಗಳು. ಆಗ ಹೂಡಿದ ಹೂಟ ಸೈನಿಕನದಲ್ಲ, ಕಲೆಕ್ಟರನದು. ಪರಗಣೆಗಳಿಗೆ ತನ್ನ ಅಮಲ್ದಾರರನ್ನು ಕಳಿಸಿದ: ಕಂದಾಯ ಎತ್ತಿ, ಆ ದುಡ್ಡಿನಲ್ಲೇ ಆಳು ಕಟ್ಟಿ, ಪೇಶ್ವೆಯ ಜನರನ್ನು ಓಡಿಸಿ ಎಂದು. ಎರೆಹೊಲದಲ್ಲಿ ಬಿಳಿಜೋಳ, ಕಡಲೆ ನಿಂತಿರುವ ಕಾಲ; ಗೌಡ-ಶಾನಭೋಗರು ಯಾರ ಕೈಗೆ ಕಂತು ಎಣಿಸುತ್ತಾರೋ ಸೀಮೆ ಅವರದು.

ನವಲಗುಂದಕ್ಕೆ ಹೋದ ಅಮಲ್ದಾರ ರಾಮರಾಯ. ಕೆಲವು ನೂರು ಆಳುಗಳೊಡನೆ ಊರು ಹಿಡಿದ. ಪೇಶ್ವೆಯ ಕಡೆಯ ಗೋಖಲೆಯವರ ಕುದುರೆ ದಂಡು ಮೇಲೆ ಬಿದ್ದಾಗ ಡಿಸೆಂಬರಿನಲ್ಲಿ ಮುನ್ರೋ ಧಾರವಾಡದಿಂದ ತಾನೇ ಹೊರಟು ಬಂದ. ಮುಂದೆ ಗದಗ, ಡಂಬಳ, ಹುಬ್ಬಳ್ಳಿ ಜನವರಿಯಲ್ಲೇ ಬಿದ್ದವು. ಬಾದಾಮಿ, ಬೆಳಗಾವಿ, ಸೊಲ್ಲಾಪುರ ಮೇ ತಿಂಗಳೊಳಗೆ.

ರೈತರೇ ಅವನನ್ನು ಬರಮಾಡಿಕೊಂಡರೆಂದು ಇಂಗ್ಲಿಷರು ಹೆಮ್ಮೆಯಿಂದ ಬರೆದರು. ಪೇಶ್ವೆಯ ಗುತ್ತಿಗೆದಾರರ ಕಾಟಕ್ಕೆ ಜನ ರೋಸಿದ್ದು ನಿಜವಿರಬಹುದು. ಆದರೆ ಆ ಮೆಚ್ಚುಗೆ ಎಲ್ಲೆಡೆ ಉಳಿಯಲಿಲ್ಲ. 1820ರಲ್ಲಿ ಮುನ್ರೋ ಮದ್ರಾಸಿನ ಗವರ್ನರ್ ಆದ. 1824ರಲ್ಲಿ ಕಂಪನಿಯ ವಿರುದ್ಧ ಕಿತ್ತೂರು ಸಿಡಿದೆದ್ದಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ಆ ಕಾಳಗದ ಮುಂದಿನ ಸುತ್ತಿನಲ್ಲಿ, ಡಿಸೆಂಬರಿನಲ್ಲಿ, ಮುನ್ರೋನ ಹತ್ತಿರದ ಸಂಬಂಧಿ, ಸೊಲ್ಲಾಪುರದ ಸಬ್ ಕಲೆಕ್ಟರನಾಗಿದ್ದವನೂ ಬಿದ್ದ. ಗವರ್ನರ್ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗಲಿ ತೀರಿಕೊಂಡ. ಈಗ ಅವನ ಸಮಾಧಿ ಇರುವುದು ನಮ್ಮ ಕೋಟೆಯ ಸೇಂಟ್ ಮೇರಿ ಚರ್ಚಿನಲ್ಲಿ.

ಪ್ರತಿಮೆ ಒಬ್ಬನಿಗೆ ಸಿಕ್ಕಿತು. ನವಲಗುಂದ ಹಿಡಿದುಕೊಟ್ಟ ರಾಮರಾಯನ ಹೆಸರು ಗ್ಯಾಝೆಟಿಯರಿನ ಒಂದೆರಡು ಸಾಲಿನಲ್ಲಿದೆ, ಅಷ್ಟೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಸದಸ್ಯರ ಊರಮನೆಗಳಲ್ಲಿ ಹಳೆಯ ಸನದು, ಕಂದಾಯದ ಕಾಗದಗಳಿದ್ದರೆ ದಯವಿಟ್ಟು ಪತ್ರಿಕೆಗೆ ತಿಳಿಸಿ. ಮೋಡಿ ಲಿಪಿಯಲ್ಲಿದ್ದರೂ ಚಿಂತೆಯಿಲ್ಲ, ಓದಬಲ್ಲವರನ್ನು ಹುಡುಕೋಣ.