ನ್ಯಾಯಾಧೀಶರ ನೇಮಕಾತಿ: ಗೋಪ್ಯ ದಾಖಲೆಗಳು

ಉನ್ನತ ನ್ಯಾಯಾಲಯಗಳ ನ್ಯಾಯಮೂರ್ತಿಗಳ ನೇಮಕದ ಕಡತಗಳನ್ನು ಜನ ನೋಡಬಹುದೇ ಎಂಬ ಪ್ರಶ್ನೆ ಭಾರತದಲ್ಲಿ ಎಸ್.ಪಿ. ಗುಪ್ತ ಪ್ರಕರಣದಿಂದ (1981) ಮುನ್ನೆಲೆಗೆ ಬಂತು. ದೆಹಲಿ ಹೈಕೋರ್ಟಿನ ಹೆಚ್ಚುವರಿ ನ್ಯಾಯಮೂರ್ತಿ ಎಸ್.ಎನ್. ಕುಮಾರ್ ಅವರನ್ನು ಮುಂದುವರಿಸದಿರುವ ಬಗ್ಗೆ ಕಾನೂನು ಸಚಿವ, ದೆಹಲಿಯ ಮುಖ್ಯ ನ್ಯಾಯಮೂರ್ತಿ ಮತ್ತು ಭಾರತದ ಮುಖ್ಯ ನ್ಯಾಯಮೂರ್ತಿ ನಡುವಿನ ಪತ್ರಗಳನ್ನು ಕೇಂದ್ರ ಸರ್ಕಾರ ಸಾಕ್ಷ್ಯ ಅಧಿನಿಯಮದ 123ನೇ ಕಲಮಿನ ಮರೆಯಲ್ಲಿ ತಡೆಹಿಡಿಯಲು ನೋಡಿತು. ಕನ್ನಡಿಗ ಇ.ಎಸ್. ವೆಂಕಟರಾಮಯ್ಯ ಅವರೂ ಇದ್ದ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅವನ್ನು ಬಹಿರಂಗಪಡಿಸಲು ಆದೇಶಿಸಿತು. 1993ರ ತೀರ್ಪಿನಿಂದ ಹಿರಿಯ ನ್ಯಾಯಮೂರ್ತಿಗಳೇ ನೇಮಕಕ್ಕೆ ಹೆಸರು ಸೂಚಿಸುವ ಕೊಲಿಜಿಯಂ ಬಂದ ಮೇಲೆ ಈ ಕಡತಗಳ ಬೀಗದ ಕೈ ನ್ಯಾಯಾಂಗದ ಬಳಿಯೇ ಉಳಿಯಿತು. 2019ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳ ಕಚೇರಿ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತದೆ ಎಂದ ಸಂವಿಧಾನ ಪೀಠವೇ ಕೊಲಿಜಿಯಂ ಕಡತಗಳ ಅರ್ಜಿಯನ್ನು ಮರುಪರಿಶೀಲನೆಗೆಂದು ಮಾಹಿತಿ ಅಧಿಕಾರಿಗೆ ಮರಳಿಸಿತು. 2018ರ ಡಿಸೆಂಬರ್ 12ರ ಕೊಲಿಜಿಯಂ ಸಭೆಯ ವಿವರ ಕೋರಿದ ಮನವಿ 2022ರಲ್ಲಿ ವಜಾ ಆಯಿತು. ಎಲ್ಲ ಸದಸ್ಯರು ಸಹಿ ಹಾಕಿದ ಅಂತಿಮ ನಿರ್ಣಯವನ್ನಷ್ಟೇ ಪ್ರಕಟಿಸಬೇಕು, ಒಳಗಿನ ಚರ್ಚೆಯನ್ನಲ್ಲ ಎಂದಿತು ಕೋರ್ಟು.