ಗ್ರಹಾಂ, ವೇಯ್ನ್
(1936–2024) ಅಮೆರಿಕದ ಬೇಸ್‌ಬಾಲ್ ತರಬೇತುದಾರ. ಟೆಕ್ಸಾಸ್‌ನವರು. ಆಟಗಾರರಾಗಿ ದೊಡ್ಡ ಹೆಸರು ಮಾಡಲಿಲ್ಲ: 1963ರಲ್ಲಿ ಫಿಲಡೆಲ್ಫಿಯಾ ಫಿಲೀಸ್, 1964ರಲ್ಲಿ ನ್ಯೂಯಾರ್ಕ್ ಮೆಟ್ಸ್ ಪರ ಆಡಿದ ಮೇಜರ್ ಲೀಗ್ ಪಂದ್ಯಗಳು ಒಟ್ಟು 30.

ಹ್ಯೂಸ್ಟನ್‌ನ ಪ್ರೌಢಶಾಲೆಗಳಲ್ಲಿ ತರಬೇತಿ ನೀಡಿ, 1981ರ ಋತುವಿನಿಂದ ಸ್ಯಾನ್ ಹಸಿಂಟೊ ಜೂನಿಯರ್ ಕಾಲೇಜು ತಂಡದ ಹೊಣೆ ಹೊತ್ತರು. ಅಲ್ಲಿನ ಜೂನಿಯರ್ ಕಾಲೇಜು ನಮ್ಮ ಪಿಯುಸಿಯಂತಲ್ಲ. ಹನ್ನೆರಡನೇ ತರಗತಿಯ ಬಳಿಕದ ಎರಡು ವರ್ಷಗಳ ಕಲಿಕೆ. ಹೀಗಾಗಿ ಆಟಗಾರ ಪಳಗುವಷ್ಟರಲ್ಲಿ ಹೊರಟುಬಿಡುತ್ತಾನೆ, ತಂಡವನ್ನು ಮತ್ತೆ ಮೊದಲಿನಿಂದ ಕಟ್ಟಬೇಕು. ಈ ತೊಡಕಿನ ನಡುವೆಯೇ 1985, 1986, 1987ರಲ್ಲಿ ಸತತವಾಗಿ, ಬಳಿಕ 1989, 1990ರಲ್ಲಿ ಅವರ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು ಅಸಾಧಾರಣ ಸಾಧನೆ. ಮುಂದೆ ಮೇಜರ್ ಲೀಗ್‌ನಲ್ಲಿ ಪ್ರಸಿದ್ಧರಾದ ಪಿಚರ್‌ಗಳಾದ ರೋಜರ್ ಕ್ಲೆಮೆನ್ಸ್ ಮತ್ತು ಆ್ಯಂಡಿ ಪೆಟಿಟ್ ಇಬ್ಬರೂ ಅಲ್ಲಿ ಅವರ ಕೈಕೆಳಗೆ ಆಡಿದವರು. ಕ್ಲೆಮೆನ್ಸ್ ಆಡಿದ್ದು ಒಂದೇ ಋತು.

ಬಹುತೇಕರು ನಿವೃತ್ತಿಯ ಲೆಕ್ಕ ಹಾಕುವ 55ರ ವಯಸ್ಸಿನಲ್ಲಿ ರೈಸ್ ವಿಶ್ವವಿದ್ಯಾಲಯ ಸೇರಿ, 1992ರಿಂದ 2018ರವರೆಗೆ ಅಲ್ಲಿದ್ದರು. 2003ರಲ್ಲಿ ಒಮಾಹಾದಲ್ಲಿ ನಡೆದ ಕಾಲೇಜು ವಿಶ್ವ ಸರಣಿಯ (ಅಮೆರಿಕದ ಕಾಲೇಜು ತಂಡಗಳ ರಾಷ್ಟ್ರೀಯ ಪ್ರಶಸ್ತಿ ಸರಣಿ) ನಿರ್ಣಾಯಕ ಪಂದ್ಯದಲ್ಲಿ ರೈಸ್ ತಂಡ ಸ್ಟ್ಯಾನ್‌ಫರ್ಡ್ ತಂಡವನ್ನು 14–2ರಿಂದ ಸೋಲಿಸಿತು. ಮರುವರ್ಷದ ಮೇಜರ್ ಲೀಗ್ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಮೊದಲ ಎಂಟು ಆಯ್ಕೆಗಳಲ್ಲಿ ಮೂವರು ಅವರ ಪಿಚರ್‌ಗಳೇ.