ಹೊಳೆಯಾಚೆಗೆ ಹೆಣ್ಣು ಕೊಡದ ತಾತ

ತುಮಕೂರಿನವರಿಗೆ ಬಿ.ಎಚ್. ರಸ್ತೆ ಎಂದರೆ ಸಾಕು, ಅದರ ಪೂರ್ತಿ ಹೆಸರು ಯಾರಿಗೂ ಬೇಕಾಗುವುದಿಲ್ಲ. ನಾನು ಹುಟ್ಟಿ ಬೆಳೆದ ಬಟವಾಡಿ ಈ ರಸ್ತೆಯ ಮಗ್ಗುಲಲ್ಲೇ ಇದೆ. ಕ್ಯಾತ್ಸಂದ್ರ ದಾಟಿ ಊರೊಳಕ್ಕೆ ಬರುವ ಬಸ್ಸುಗಳೆಲ್ಲ ನಮ್ಮ ಮನೆ ಮುಂದೆ ಧೂಳೆಬ್ಬಿಸಿಕೊಂಡೇ ಹೋಗುತ್ತಿದ್ದವು. ಬಿ ಎಂದರೆ ಬೆಂಗಳೂರು, ಎಚ್ ಎಂದರೆ ಹೊನ್ನಾವರ ಎಂದು ನನಗೆ ಹೇಳಿಕೊಟ್ಟವಳು ನನ್ನ ಸೋದರತ್ತೆ. "ಹೊನ್ನಾವರ ಎಲ್ಲಿದೆ ಅತ್ತೆ?" ಎಂದು ಕೇಳಿದರೆ, "ಸಮುದ್ರದ ಪಕ್ಕ. ಆದ್ರೆ ಅದು ನಮ್ಮ ಸೀಮೆ ಅಲ್ಲ ಕಣೆ, ಮುಂಬಯಿ ಸೀಮೆ" ಅಂದಿದ್ದಳು. ಅದು 1955. ನನಗೆ ಎಂಟು ವರ್ಷ, ಅತ್ತೆಗೆ ಹದಿನೆಂಟು.

ಈಗಿನ ಹುಡುಗಿಯರಿಗೆ ಈ ಮಾತು ವಿಚಿತ್ರವಾಗಿ ಕೇಳಬಹುದು. ಹೊನ್ನಾವರ ಮುಂಬಯಿಗೆ ಸೇರಿದ್ದೆಂದರೆ ಏನರ್ಥ? ಆದರೆ ಅಂದಿನ ಸ್ಥಿತಿ ಹಾಗೇ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡ ಹೊಲದ ಹಾಗೆ ಕನ್ನಡದ ನೆಲ ಹಂಚಿಹೋಗುತ್ತ ಬಂತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರು ಮುಂಬಯಿಯ ಆಡಳಿತಕ್ಕೆ, ಮಂಗಳೂರು, ಬಳ್ಳಾರಿಯವರು ಮದರಾಸಿಗೆ, ಗುಲಬರ್ಗ, ರಾಯಚೂರು, ಬೀದರಿನವರು ಹೈದರಾಬಾದಿನ ನಿಜಾಮರಿಗೆ ಸೇರಿದ್ದರು. ಕೊಡಗು ಬೇರೆಯೇ. ನಮ್ಮದು ಮಹಾರಾಜರ ಮೈಸೂರು. ಹರಿಹರದಲ್ಲಿ ತುಂಗಭದ್ರೆಯ ಸೇತುವೆಯ ಈಚೆ ತಾಲ್ಲೂಕಿನ ದೊರೆ ಅಮಲ್ದಾರರಾದರೆ, ಆಚೆ ಮಾಮಲೇದಾರರು. ಜೋಗದಲ್ಲಂತೂ ಒಂದೇ ಜಲಪಾತ ನೋಡುವುದಕ್ಕೆ ಶರಾವತಿಯ ಈ ದಡದಲ್ಲಿ ಮೈಸೂರು ಬಂಗಲೆ, ಆ ದಡದಲ್ಲಿ ಮುಂಬಯಿ ಬಂಗಲೆ!

ಈ ಹರಿದ ಸೀರೆಯನ್ನು ಹೊಲಿಯಬೇಕೆಂಬ ಆಸೆ ಮೊದಲು ಬಲವಾಗಿ ಹುಟ್ಟಿದ್ದು ಹೊಳೆಯಾಚೆ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಆಲೂರು ವೆಂಕಟರಾಯರು 'ಕರ್ನಾಟಕ ಗತವೈಭವ' ಬರೆದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿನ ಸಮಯದಲ್ಲೇ ಏಕೀಕರಣದ ಸಮ್ಮೇಳನವೂ ನಡೆಯಿತು. ಇದರಲ್ಲಿ ಆಶ್ಚರ್ಯವೇನಿಲ್ಲ. ಮನೆಯಲ್ಲಿ ಕನ್ನಡ ಆಡಿ ಕಚೇರಿಯಲ್ಲಿ ಮರಾಠಿಗೋ ಉರ್ದುವಿಗೋ ಕೈಮುಗಿದು ನಿಲ್ಲುತ್ತಿದ್ದವರಿಗೆ ಗೊತ್ತು ಆ ಸಂಕಟ. ಮೈಸೂರಿನವರಾದ ನಮಗೆ ಅದು ಕೇಳಿ ತಿಳಿದ ನೋವು ಮಾತ್ರ.

ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಎರಡು ಪಕ್ಷ. ತಾತ ಮೈಸೂರು ಸರ್ಕಾರದ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದು ಪಿಂಚಣಿ ತೆಗೆದುಕೊಳ್ಳುತ್ತಿದ್ದವರು. ಚಿಕ್ಕಪ್ಪ 1947ರ ಸೆಪ್ಟೆಂಬರಿನ 'ಮೈಸೂರು ಚಲೋ' ಚಳವಳಿಯಲ್ಲಿ ಕಾಲೇಜು ಬಿಟ್ಟು ಜೈಲು ನೋಡಿ ಬಂದವನು. 1953ರ ಅಕ್ಟೋಬರ್ 1ರಂದು ಆಂಧ್ರ ಬೇರೆಯಾಗಿ, ಬಳ್ಳಾರಿಯ ಏಳು ತಾಲ್ಲೂಕು ಮೈಸೂರಿಗೆ ಬಂದ ಮೇಲೆ ಮನೆಯ ಊಟದ ಹೊತ್ತು ಶಾಸನಸಭೆಯೇ ಆಗಿಹೋಯಿತು. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಈ ಮೂವರ ಆಯೋಗ 1955ರ ಸೆಪ್ಟೆಂಬರ್ ಕೊನೆಗೆ ವರದಿ ಕೊಟ್ಟು, ಕನ್ನಡದವರೆಲ್ಲ ಒಂದು ರಾಜ್ಯವಾಗಲಿ ಎಂದಿತು. ಆ ದಿನ ಚಿಕ್ಕಪ್ಪ ಪೇಟೆಯಿಂದ ಕಲ್ಲುಸಕ್ಕರೆ ತಂದು ಎಲ್ಲರ ಕೈಗಿಟ್ಟ. ತಾತ ಮಾತ್ರ ಕೈ ಚಾಚಲಿಲ್ಲ.

"ನಮ್ಮ ಕನ್ನಂಬಾಡಿ, ನಮ್ಮ ಭದ್ರಾವತಿ, ನಮ್ಮ ಶಿವನಸಮುದ್ರದ ಕರೆಂಟು. ಐವತ್ತು ವರ್ಷ ಕೂಡಿಟ್ಟ ಗಂಟು ಬಿಚ್ಚಿ ಹಂಚ್ಬೇಕೇನಯ್ಯ?" ಎನ್ನುವರು ತಾತ.

"ಅಣ್ಣತಮ್ಮಂದಿರಿಗೆ ಕೊಡೋದಕ್ಕೆ ಹಂಚೋದು ಅಂತಾರೇನಪ್ಪ?" ಎನ್ನುವನು ಚಿಕ್ಕಪ್ಪ.

"ನನ್ನ ಪಿಂಚಣಿ ನಿನ್ನ ಅಣ್ಣತಮ್ಮಂದಿರು ಕೊಡ್ತಾರಾ ಕೇಳ್ಕೊಂಡು ಬಾ."

ಅಜ್ಜಿ ನಡುವೆ ಸಾರಿನ ಪಾತ್ರೆ ಹಿಡಿದು ನಿಂತಿರುತ್ತಿದ್ದಳು. ಅವಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಆ ಆಯೋಗಕ್ಕೆ ದೇಶದ ಎಲ್ಲೆಡೆಯಿಂದ ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟು ಮನವಿಗಳು ಹೋಗಿದ್ದವಂತೆ. ನಮ್ಮ ಮನೆಯಿಂದ ಹೋದವು ಎರಡು. ಒಂದು ತಾತನದು, ಇನ್ನೊಂದು ಚಿಕ್ಕಪ್ಪನದು.

ತಾತ ಒಬ್ಬರೇ ಹಾಗಿದ್ದರು ಎಂದುಕೊಳ್ಳಬೇಡಿ. ಹಳೆಯ ಮೈಸೂರಿನ ಎಷ್ಟೋ ಮುಖಂಡರು ಕನ್ನಡಕ್ಕೆ ಎರಡು ರಾಜ್ಯ ಇದ್ದರೇನು ನಷ್ಟ ಎಂದು ವಾದಿಸುತ್ತಿದ್ದರು. ಹಣದ ಲೆಕ್ಕ ಒಂದಾದರೆ, ಬಾಯಿಬಿಟ್ಟು ಹೇಳದ ಇನ್ನೊಂದು ಲೆಕ್ಕ ಜಾತಿಯದು. ಮೈಸೂರಿನಲ್ಲಿ ಒಕ್ಕಲಿಗರ ಮಾತು ನಡೆಯುತ್ತಿತ್ತು. ದೊಡ್ಡ ರಾಜ್ಯವಾದರೆ ಲಿಂಗಾಯತರ ಸಂಖ್ಯೆ ಮುಂದಾಗುತ್ತದೆ ಎಂಬ ಅಳುಕು. ಆಯೋಗದ ವರದಿಯೇ ಈ ಅಳುಕನ್ನು ಮುಚ್ಚಿಡದೆ ಚರ್ಚಿಸಿತು. ಇಂಥ ಹೊತ್ತಿನಲ್ಲಿ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು, ತಾವೇ ಹಳೆಯ ಮೈಸೂರಿನವರಾಗಿದ್ದೂ, ಏಕೀಕರಣದ ಪರವಾಗಿ ನಿಂತರು. ಕುವೆಂಪು ಅವರೂ ಅಖಂಡ ಕರ್ನಾಟಕವೇ ಆಗಬೇಕೆಂದರು. ಹನುಮಂತಯ್ಯನವರು ಹೊಸ ರಾಜ್ಯದ ಮುಖ್ಯಮಂತ್ರಿಯಾಗಿ ಕೂರಲಿಲ್ಲ. 1956ರ ಆಗಸ್ಟಿನಲ್ಲೇ ಅವರ ಅಧಿಕಾರ ಹೋಗಿತ್ತು.

ಇದೇ ಗದ್ದಲದ ನಡುವೆ ಅತ್ತೆಗೊಂದು ಸಂಬಂಧ ಬಂತು. ಹುಡುಗ ರಾಣೆಬೆನ್ನೂರಿನವನು, ಹೈಸ್ಕೂಲು ಮೇಷ್ಟ್ರು, ಚಿಕ್ಕಪ್ಪನಿಗೆ ಪರಿಚಯ. ಹರಿಹರದ ಸೇತುವೆ ದಾಟಿದರೆ ಅವನೂರು ದೂರವೇನಲ್ಲ. ನಮ್ಮ ಜನವೇ. ಜಾತಕವೂ ಕೂಡಿಬಂದಿತ್ತು. ಅತ್ತೆ ಅಡಿಗೆಮನೆಯಲ್ಲಿ ನನ್ನ ಕಿವಿಯ ಹತ್ತಿರ, "ಅವ್ರು 'ಭಾಳ ಚಲೋ' ಅಂತಾರಂತೆ ಕಣೆ" ಎಂದು ನಕ್ಕಿದ್ದು ನನಗೆ ಈಗಲೂ ಕೇಳಿಸುತ್ತದೆ. ತಾತ ಜಗುಲಿಯಲ್ಲಿ ಕುಳಿತು ಒಂದೇ ಮಾತಿನಲ್ಲಿ ಮುಗಿಸಿದರು: "ಹೊಳೆಯಾಚೆಗೆ ನಾನು ಹೆಣ್ಣು ಕೊಡೋದಿಲ್ಲ."

ಚಿಕ್ಕಪ್ಪ ಕೂಗಾಡಿದ. "ನೀವು ಕನ್ನಡದ್ರೋಹಿ" ಎಂದುಬಿಟ್ಟ. ತಾತ ಅವತ್ತಿನಿಂದ ಮಗನ ಜೊತೆ ಮಾತು ಬಿಟ್ಟರು. 1956ರ ಬೇಸಿಗೆಯಲ್ಲಿ ಅತ್ತೆಯನ್ನು ತಿಪಟೂರಿಗೆ ಕೊಟ್ಟರು. ಅದೂ ಬಿ.ಎಚ್. ರಸ್ತೆಯ ಮೇಲಿನ ಊರೇ, ಗುಬ್ಬಿ ದಾಟಿ ಮುಂದೆ. ಆರು ತಿಂಗಳು ಕಳೆಯುವುದರೊಳಗೆ, ನವೆಂಬರ್ 1ರಂದು, ತುಂಗಭದ್ರೆ ಗಡಿಯಾಗಿ ಉಳಿಯಲಿಲ್ಲ. ಬೆಂಗಳೂರಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಹತ್ತೊಂಬತ್ತು ಜಿಲ್ಲೆಗಳ ಹೊಸ ರಾಜ್ಯವನ್ನು ಉದ್ಘಾಟಿಸಿದರು. ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ನಮ್ಮಂಥವರ ಮನಸ್ಸು ನೋಯದಿರಲೆಂದೋ ಏನೋ, ರಾಜಧಾನಿ ಬೆಂಗಳೂರೇ ಆಯಿತು, ಮಹಾರಾಜ ಜಯಚಾಮರಾಜ ಒಡೆಯರು ರಾಜ್ಯಪಾಲರಾದರು, ಹೆಸರೂ ಮೈಸೂರು ರಾಜ್ಯ ಎಂದೇ ಉಳಿಯಿತು. ಅದು ಕರ್ನಾಟಕವಾಗಲು 1973ರ ನವೆಂಬರ್ 1ರವರೆಗೆ, ದೇವರಾಜ ಅರಸರ ಕಾಲದವರೆಗೆ ಕಾಯಬೇಕಾಯಿತು. ತಾತನ ಪಿಂಚಣಿ ತಿಂಗಳು ತಿಂಗಳು ಬಂತು. ಆದರೆ ಅಪ್ಪ ಮಗನ ಮಾತು ಮಾತ್ರ ತಾತ ಹಾಸಿಗೆ ಹಿಡಿಯುವವರೆಗೆ ಬರಲಿಲ್ಲ.

ಇದನ್ನೆಲ್ಲ ನಾನು ಮರೆತೇಬಿಟ್ಟಿದ್ದೆ. ನೆನಪು ಮರುಕಳಿಸಿದ್ದು 1998ರಲ್ಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನನ್ನ ಮಗಳು ಬೀದರಿನ ಕಡೆಯ ಸಹೋದ್ಯೋಗಿಯೊಬ್ಬನನ್ನು ಮದುವೆಯಾಗುತ್ತೇನೆಂದಳು. ನಾನು, ಎಂ.ಎ. ಓದಿ ಮಕ್ಕಳಿಗೆ ಚರಿತ್ರೆ ಪಾಠ ಹೇಳಿದವಳು, "ಅಷ್ಟು ದೂರ ಬೇಡಮ್ಮ, ಅವರ ರೀತಿಯೇ ಬೇರೆ" ಎಂದೆ. ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಜಗುಲಿಯ ಮೇಲಿನ ತಾತನ ದನಿ ನನ್ನ ಗಂಟಲಿನಿಂದ ಬಂದಿತ್ತು.

ಆ ಏಪ್ರಿಲಿನಲ್ಲಿ ಪತ್ರಿಕೆಗಳ ತುಂಬ ಐರ್ಲೆಂಡಿನ ಸುದ್ದಿ. 1801ರಲ್ಲಿ ಐರ್ಲೆಂಡನ್ನು ಬ್ರಿಟನ್ನಿನ ಜೊತೆ ಒಂದು ರಾಜ್ಯವಾಗಿ ಸೇರಿಸಿದರು. ಆ ಕೂಟದಿಂದ ಹೊರಬರಬೇಕೆಂದು ಅಲ್ಲಿನ ರಾಷ್ಟ್ರೀಯವಾದಿಗಳು ಒಂದು ಶತಮಾನ ಹೋರಾಡಿದರು. ಬೇಡವೆಂದು ಹಟ ಹಿಡಿದವರು ಉತ್ತರದ ಅಲ್‌ಸ್ಟರ್ ಪ್ರಾಂತದ ಪ್ರಾಟೆಸ್ಟೆಂಟರು. ಸ್ವತಂತ್ರ ಐರ್ಲೆಂಡಿನಲ್ಲಿ ಕ್ಯಾಥೊಲಿಕರೇ ಹೆಚ್ಚು, ನಾವು ಅಲ್ಪಸಂಖ್ಯಾತರಾಗುತ್ತೇವೆ ಎಂಬುದು ಅವರ ಭಯ. 1912ರ ಸೆಪ್ಟೆಂಬರ್ 28ರಂದು ಅವರು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರು. ಗಂಡಸರು 2,37,368, ಹೆಂಗಸರು 2,34,046. ಆದರೆ ಹೆಂಗಸರಿಗೆ ಬೇರೆ ಕಾಗದ! ಕೊನೆಗೆ 1921ರಲ್ಲಿ ದ್ವೀಪವೇ ಎರಡಾಗಿ, ಆರು ಕೌಂಟಿಗಳು ಬ್ರಿಟನ್ನಿನಲ್ಲೇ ಉಳಿದವು. ಅರವತ್ತರ ದಶಕದ ಕೊನೆಯಿಂದ ಮೂವತ್ತು ವರ್ಷ ಅಲ್ಲಿ ಬಾಂಬು, ಗುಂಡು. ಸತ್ತವರು ಮೂರೂವರೆ ಸಾವಿರದಷ್ಟು. 1998ರ ಏಪ್ರಿಲ್ 10ರ ಒಪ್ಪಂದ ಒಂದು ಸರಳವಾದ ಮಾತು ಹೇಳಿತು: ಉತ್ತರದವರು ಯಾರ ಜೊತೆ ಇರಬೇಕೆಂಬುದನ್ನು ಉತ್ತರದ ಬಹುಮತವೇ ತೀರ್ಮಾನಿಸಲಿ, ದಕ್ಷಿಣದವರನ್ನೂ ಕೇಳಲಿ. ಮಾತುಕತೆಯ ಮೇಜಿನಲ್ಲಿ ಹೆಂಗಸರದೇ ಒಂದು ಪಕ್ಷವಿತ್ತು. ಎರಡು ಕಡೆಯ ಹೆಂಗಸರು ಸೇರಿ 1996ರಲ್ಲಿ ಕಟ್ಟಿದ್ದು. ಮೇ 22ರಂದು ಜನ ಮತ ಹಾಕಿದರು. ಉತ್ತರದಲ್ಲಿ ನೂರಕ್ಕೆ 71, ದಕ್ಷಿಣದಲ್ಲಿ 94 ಮಂದಿ ಒಪ್ಪಿದರು. ಎರಡು ಐರ್ಲೆಂಡ್ ಒಂದಾಗಬೇಕೇ ಎಂಬ ಚರ್ಚೆ ಅಲ್ಲಿ ಇನ್ನೂ ನಡೆದೇ ಇದೆ.

ಅವರದು ಧರ್ಮದ ಜಗಳ, ನಮ್ಮದು ಒಂದೇ ಭಾಷೆಯವರ ಚೌಕಾಶಿ. ಅವರಲ್ಲಿ ಹರಿದಷ್ಟು ರಕ್ತ ನಮ್ಮಲ್ಲಿ ಹರಿಯಲಿಲ್ಲ ಎಂಬುದು ನಮ್ಮ ಪುಣ್ಯ. ಆದರೆ ಭಯದ ಮುಖ ಒಂದೇ. ಚಿಕ್ಕ ಮನೆಯಲ್ಲಿ ಮೊದಲನೆಯವರಾಗಿದ್ದವರಿಗೆ ದೊಡ್ಡ ಮನೆಯಲ್ಲಿ ಎರಡನೆಯವರಾಗುವ ಭಯ. ತುಂಬಿದ ಮನೆಗೆ ಸೊಸೆಯಾಗಿ ಹೋದ ಯಾವ ಹೆಣ್ಣಿಗೆ ಆ ಭಯ ಗೊತ್ತಿಲ್ಲ, ಹೇಳಿ? ನಮ್ಮ ತಾತನ ತಪ್ಪು ಭಯಪಟ್ಟದ್ದಲ್ಲ. ತನ್ನ ಭಯಕ್ಕೆ ಮಗಳ ಬಾಳನ್ನು ಅಡವಿಟ್ಟದ್ದು. ಚಿಕ್ಕಪ್ಪನ ತಪ್ಪು ಕನಸು ಕಂಡದ್ದಲ್ಲ. ಭಯಪಟ್ಟವನನ್ನು ದ್ರೋಹಿ ಎಂದದ್ದು.

ತಿಪಟೂರಿಗೆ ಹೋಗಿ ಅತ್ತೆಯ ಮುಂದೆ ಮಗಳ ವಿಷಯ ಹೇಳಿಕೊಂಡೆ. ಕೊಬ್ಬರಿ ತುರಿಯುತ್ತಿದ್ದವಳು ತಲೆಯೆತ್ತದೆ ಕೇಳಿದಳು:

"ಅವಳನ್ನ ಕೇಳಿದ್ಯಾ?"

"ಅವಳೇ ಬಂದು ಹೇಳಿದ್ದು ಅತ್ತೆ."

"ಹೇಳಿದ್ದು ಬೇರೆ, ನೀನು ಕೇಳಿದ್ದು ಬೇರೆ. ನೋಡು, ರಾಣೆಬೆನ್ನೂರು ತಪ್ಪಿತು ಅಂತ ನಂಗೇನೂ ದುಃಖ ಇಲ್ಲ. ನಿಮ್ಮ ಮಾವ ನನ್ನನ್ನ ಚೆನ್ನಾಗಿ ನೋಡ್ಕೊಂಡ್ರು. ಆದ್ರೆ ಅಪ್ಪನೂ ಅಣ್ಣನೂ ಅಷ್ಟು ಜಗಳ ಆಡಿದ್ರಲ್ಲ, ಅದು ನನ್ನ ಮದುವೆ ಅಂತ ಇಬ್ರಿಗೂ ಜ್ಞಾಪಕ ಬರ್ಲಿಲ್ಲ."

ನಾನು ಊರಿಗೆ ಬಂದು ಮಗಳನ್ನು ಕೇಳಿದೆ. ಅವಳ ಅತ್ತೆಮನೆಯವರು ಈಗ ನಮ್ಮ ಮನೆಗೆ ಬಂದರೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಕೊಂಡು ಬರುತ್ತಾರೆ.

ನಾಡಿನ ಮನೆಯಲ್ಲೂ ಕೇಳುವ ಕೆಲಸ ಮುಗಿದಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಪಟ್ಟಿ ಮಾಡಿತು. ಅದರಲ್ಲಿ 26 ಉತ್ತರ ಕರ್ನಾಟಕದವು. ಅಂದರೆ ಹೊಳೆಯಾಚೆಯವರ ದೂರು ಸುಳ್ಳಲ್ಲ. ಆದರೆ ಅದೇ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಗುಬ್ಬಿ, ಕುಣಿಗಲ್, ಮಧುಗಿರಿ, ಸಿರಾ, ಪಾವಗಡವೂ ಇವೆ. ತಾತ ಕಾಯುತ್ತಿದ್ದ ಗಂಟು ಅವರ ಪಕ್ಕದ ತಾಲ್ಲೂಕಿಗೇ ಬಿಚ್ಚಿರಲಿಲ್ಲ! ಬೀದರ್, ಗುಲಬರ್ಗ ಕಡೆಯವರಿಗಾಗಿ ಸಂವಿಧಾನದ 371(ಜೆ) ವಿಧಿಗೆ ಸಂಸತ್ತು ಒಪ್ಪಿಗೆ ಕೊಡಲು 2012 ಆಗಬೇಕಾಯಿತು. ಅದೇ ವರ್ಷ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ತೆರೆಯಿತು. ಕಾಸರಗೋಡಿನ ಕನ್ನಡಿಗರಂತೂ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ನಮಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ, ಕೇರಳದಲ್ಲೇ ಉಳಿದಿದ್ದಾರೆ. ಉತ್ತರದವರು ಬೇರೆ ರಾಜ್ಯದ ಮಾತೆತ್ತಿದಾಗ ನಮ್ಮ ಕಡೆಯವರು ಥಟ್ಟನೆ ಆಡುವುದು ಚಿಕ್ಕಪ್ಪನ ಮಾತನ್ನೇ, "ದ್ರೋಹಿಗಳು" ಎಂದು. ಯಾಕೆ ಹಾಗನ್ನಿಸಿತು ಎಂದು ಕೇಳುವವರು ಕಡಿಮೆ.

ಬಟವಾಡಿಯ ನಮ್ಮ ಹಳೆಯ ಮನೆ ಈಗಿಲ್ಲ. ಜಗುಲಿ ಇದ್ದ ಕಡೆ ಅಂಗಡಿಗಳು ಬಂದಿವೆ. ಹೋದ ತಿಂಗಳು ಮೊಮ್ಮಗಳ ಜೊತೆ ಅಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, "ಅಜ್ಜಿ, ಬಿ.ಎಚ್. ಅಂದ್ರೇನು?" ಎಂದಳು. ಹೇಳಿದೆ. "ಹೊನ್ನಾವರ ಎಲ್ಲಿದೆ?" ಎಂದಳು.

"ನಮ್ಮಲ್ಲೇ ಕಣೆ. ಸಮುದ್ರದ ಪಕ್ಕ" ಎಂದೆ.